ಉಪ್ಪು, ಇದ್ದಲಿ, ತಾಮ್ರ

ಸೊಲ್ಲಾಪುರದ ಆ ಚಾಳಿನ ಅಂಗಳವನ್ನು ಎದೆಮಟ್ಟ ಅಗೆಸಿದರೂ ಬರೀ ಮಣ್ಣೇ ಬಂತು. “ಅರ್ತಿಂಗ್ ಎಲ್ಲದರಿ, ಮಾಲಕ್ರ?” ಎಂದ ವಿದ್ಯುತ್ ಇನ್‌ಸ್ಪೆಕ್ಟರ್.

“ಕಾಯದೇ ಪ್ರಕಾರನ ಹಾಕ್ಸೀನಿ ಸಾಹೇಬ್ರ!” ಮಾಲಕ ಕಾಶಪ್ಪ ಬೆವರಿದ. “ತಾಮ್ರದ ತಗಡು, ಸುತ್ತ ಉಪ್ಪು, ಇದ್ದಲಿ. ಕರೆಂಟ್ ಸೋರಿದ್ರ ಮನಷ್ಯಾಗ ಹೊಡೀದಂಗ ಮಣ್ಣಿಗಿ ಇಳೀಲಂತ ಹೂಳ್ಸೀನಿ.”

ಬಾಡಿಗೆ ಖೋಲಿಯ ಹೊಸ್ತಿಲಲ್ಲಿ ಕೂತಿದ್ದ ಹುಚ್ಚವ್ವ ತಲೆಯೆತ್ತಿದಳು. ಅದೇ ಖೋಲಿಯ ಕರೆಂಟಿನ ಮಗ್ಗ ಹಿಡಿದ ಕೈ ಬಿಡಿಸಿಕೊಳ್ಳಲಾಗದೆ ಅವಳ ಮಗ ಮರೆಪ್ಪ ಸತ್ತು ಐದು ದಿನವಾಗಿತ್ತು.

“ಆ ತಗಡು, ಉಪ್ಪು ಎಲ್ಲಾ ನಾನ ಕಿತ್ತೀನ್ರಿ,” ಎಂದಳು. “ಹ್ವಾದ ತಿಂಗಳ ಮರೆಪ್ಪಗ ಎಂಟ ದಿನ ಜ್ವರ ಇಳೀಲಿಲ್ಲ. ಮಳಿಗಿ ಮಣ್ಣ ಕುಸದು ಉಪ್ಪು, ಇದ್ದಲಿ ಕಂಡ್ವು. ಯಾರೋ ಬಾನಾಮತಿ ಮಾಡ್ಯಾರಂತ ಎಲ್ಲಾ ಅಗದು, ಮೂರು ಹಾದಿ ಕೂಡೂ ಕಡಿ ಒಗದು, ತಿರುಗಿ ನೋಡದ ಬಂದ್ನರಿ.”

ಗುಂಡಿಯಿಂದ ಕಣ್ಣು ಕೀಳದೆ ಮತ್ತೆ ಅಂದಳು: “ಮರುದಿನಾನ ಜ್ವರ ಬಿಟ್ಟಿತ್ತರಿ.”