ಬಟ್ಟಲಿನ ಸದ್ದು

ಸೊಸೆ ಮಗುವಿಗೆಂದು ರಾಗಿ ನೆನೆಹಾಕಿದ ದಿನ, ಆ ವಾಸನೆಗೆ ನಾನು ಅಡುಗೆಮನೆಯಿಂದ ಎದ್ದು ಹೊರಗೆ ಬಂದುಬಿಡುತ್ತೇನೆ.

ಅದು ಎರಡನೇ ಮಹಾಯುದ್ಧದ ಕಾಲ, ನಾನಿನ್ನೂ ಚಿಕ್ಕ ಹುಡುಗಿ. ಹೊಸಕೋಟೆ ಕಡೆಯ ನಮ್ಮೂರ ಕೆರೆಯಲ್ಲಿ ಕಾಡುಬಾತೊಂದನ್ನು ನರಿ ಹೊತ್ತೊಯ್ದಿತ್ತು. ಅದರ ನಾಲ್ಕು ಮರಿಗಳನ್ನು ತಾತ ತನ್ನ ವಲ್ಲಿಯಲ್ಲಿ ಸುತ್ತಿಕೊಂಡು ತಂದ. ನಾನು ಹಿತ್ತಾಳೆ ಬಟ್ಟಲು ಬಡಿದರೆ ಸಾಕು, ನೆನೆದ ರಾಗಿಗಾಗಿ ನನ್ನ ಪಾದ ಹತ್ತಿ ನಿಲ್ಲುತ್ತಿದ್ದವು. ಅವುಗಳ ಕಾಲುಗಳು ತಣ್ಣಗೆ, ಮೆತ್ತಗೆ ಇರುತ್ತಿದ್ದವು. ರೆಕ್ಕೆ ಬಲಿತ ಮೇಲೆ ತಾತ ಕೆರೆಗೆ ಬಿಟ್ಟ.

“ಇನ್ಮೇಲೆ ಬಟ್ಟಲು ಬಡೀಬೇಡ ಕಣವ್ವ. ಮನುಷ್ಯರು ಅಂದ್ರೆ ಅವು ಹೆದ್ರಬೇಕು,” ಅಂದ.

ನಾನು ದಿನಾ ಕದ್ದು ಹೋಗಿ ಬಡಿದೆ.

ಒಂದು ಮಧ್ಯಾಹ್ನ ನಾನು ಹೋಗುವಷ್ಟರಲ್ಲಿ ಏರಿಯ ಮೇಲೆ ಇಬ್ಬರು ಬಿಳಿ ಸಿಪಾಯಿಗಳು ಕೋವಿ ಪಕ್ಕಕ್ಕಿಟ್ಟು ಕೂತಿದ್ದರು. ಊಟ ಮುಗಿಸಿದವನೊಬ್ಬ ತಗಡಿನ ತಟ್ಟೆಯನ್ನು ಚಮಚದಿಂದ ಸುಮ್ಮನೆ ಬಡಿದ. ಬೇರೆ ಹಕ್ಕಿಗಳೆಲ್ಲ ಹಾರಿಹೋದವು. ನಾಲ್ಕು ಮಾತ್ರ ಸಾಲಾಗಿ ಅವರತ್ತ ಈಜಿ ಬಂದವು.

ಗುಂಡಿನ ಸದ್ದಿಗೆ ತಾತ ಗದ್ದೆಯಿಂದ ಓಡಿಬಂದ.

“ಯಾಕವ್ವ ಹಾರ್ಲಿಲ್ಲ ಇವು?” ಎಂದು ನನ್ನನ್ನೇ ಕೇಳಿದ.

ನಾನು ಬಟ್ಟಲನ್ನು ಲಂಗದ ಹಿಂದೆ ಬಚ್ಚಿಟ್ಟುಕೊಂಡೆ. ಅದರಲ್ಲಿ ನಾಲ್ಕಕ್ಕೂ ಸಾಲುವಷ್ಟು ರಾಗಿಯಿತ್ತು.