ಹಾಳೆ ಒಪ್ಪುವ ವಾಕ್ಯ

"ನೀ ಮೊದಲ್ನೇ ಸಲ ನಾಟಕದಾಗ ನಿಂತ ದಿನ ನಾ ಎದುರಿಗೇ ಕುಂತಿರ್ತೀನಿ" ಎಂದು ಸರ್ವಮಂಗಳಾ ಮಗಳಿಗೆ ಮಾತು ಕೊಟ್ಟು ಆರು ವರ್ಷವಾಗಿತ್ತು. ಮಗಳ ಶಾಲೆಯಲ್ಲಿ ಆ ನಾಟಕ ಇವತ್ತು ಸಂಜೆ ಐದಕ್ಕೆ.

ನಾಲ್ಕೂವರೆಯಾದರೂ ಅವಳು ವಿಶ್ವವಿದ್ಯಾಲಯದ ಬರವಣಿಗೆ ಕೇಂದ್ರದಲ್ಲಿ, ನೇಕಾರಿಕೆಯ ಬಗ್ಗೆ ಪ್ರಬಂಧ ಬರೆಯಲು ಬಂದಿದ್ದ ಎಂ.ಎ. ವಿದ್ಯಾರ್ಥಿನಿ ಹುಲಿಗೆಮ್ಮನ ಎದುರು ಕೂತಿದ್ದಳು. ವಿದ್ಯಾರ್ಥಿ ಸ್ವಂತದ್ದೊಂದು ವಾಕ್ಯ ಬರೆಯುವ ತನಕ ಅಲ್ಲಿನ ಬಾಗಿಲು ಎಲ್ಲ ದಿನದಂತೆ ಇಬ್ಬರಿಗೂ ತೆರೆಯುತ್ತಿರಲಿಲ್ಲ. ಬೇರೆಯವರು ಹೇಳಿಕೊಟ್ಟದ್ದನ್ನು ಹಾಳೆ ನುಂಗಿಬಿಡುತ್ತಿತ್ತು. ಹೇಳಿಕೊಟ್ಟ ತಪ್ಪಿಗೆ ಮೇಲೆ ಒಂದು ಗಂಟೆಯ ಬೀಗ ಬೇರೆ.

"ಮೇಡಂ, ನನ್ನ ತಲಿ ಖಾಲಿ ಕೊಡ ಆಗೇತ್ರಿ. ನೀವ ಒಂದ್ ಸಾಲು ಹೇಳಿಬಿಡ್ರಿ."

ಇಲ್ಲಿ ಕಲಿಸಿದ ಹನ್ನೊಂದು ವರ್ಷದಲ್ಲಿ ಯಾರಿಗೂ ಸಾಲು ಹೇಳಿಕೊಡದ ಸರ್ವಮಂಗಳಾ ಗಡಿಯಾರ ನೋಡಿ ಸೋತಳು. "'ನೇಕಾರಿಕೆ ನಮ್ಮ ಸಂಸ್ಕೃತಿಯ ಪ್ರತೀಕ' ಅಂತ ಬರಿ, ಲಗೂನ."

ಬರೆದ ಮರುಕ್ಷಣ ಹಾಳೆ ಬೆಳ್ಳಗಾಯಿತು. ಬಾಗಿಲಲ್ಲಿ ಬೀಗ ಕಟಕ್ಕೆಂದಿತು.

"ನಿಮ್ಮದ ಅಂತ ಗುರುತ ಹಿಡೀತ ನೋಡ್ರಿ, ಪಾಪಿ ಹಾಳಿ!"

ಇನ್ನು ಅವಸರಪಟ್ಟು ಉಪಯೋಗವಿರಲಿಲ್ಲ. ಸರ್ವಮಂಗಳಾ ಕುರ್ಚಿಗೆ ಒರಗಿದಳು. "ನಿಮ್ಮವ್ವ ಸೀರಿ ನೇಯ್ತಾಳಲ್ಲ, ಹೆಂಗ ಕೂಡತಾಳ?"

"ಮಗ್ಗದ ಕೆಳಗ ತೋಡಿದ ಕುಣಿಯೊಳಗ ಕಾಲ ಇಳಿಬಿಟ್ಟು ಕೂಡತಾಳ್ರೀ. ಅಲ್ಲಿದ್ದಾಗ ಮನ್ಯಾಗ ಯಾರೂ ಆಕಿನ್ನ ಕೆಲಸಕ್ಕ ಕರ್ಯಂಗಿಲ್ಲ."

ಹೇಳಿದವಳು ತಾನೇ ಬೆರಗಾದಳು, ಪೆನ್ನು ಹುಡುಕಿದಳು. "ಮಗ್ಗದ ಕುಣಿಯಲ್ಲಿ ಕಾಲಿಟ್ಟಾಗ ಮಾತ್ರ ನಮ್ಮವ್ವ ಯಾರ ಕೂಗಿಗೂ ಏಳುವುದಿಲ್ಲ" ಎಂದು ಬರೆದಳು. ಹಾಳೆ ಅದನ್ನು ಇಟ್ಟುಕೊಂಡಿತು.

ಬೀಗದ ಒಂದು ಗಂಟೆ ಮುಗಿದು ಬಾಗಿಲು ತೆರೆದದ್ದು ಐದೂಮುಕ್ಕಾಲಿಗೆ. ಸರ್ವಮಂಗಳಾ ಶಾಲೆ ಮುಟ್ಟಿದಾಗ ಮಗಳು ಮುಖದ ಬಣ್ಣ ತೊಳೆದುಕೊಂಡು ಗೇಟಿನ ಹತ್ತಿರ ನಿಂತಿದ್ದಳು.

ಕೊಟ್ಟ ಮಾತು ತಪ್ಪಿತು.