ರಕ್ಕಸಿಯ ಹುಬ್ಬು

ತನ್ನ ಪುಸ್ತಕ ವಿಮರ್ಶೆಯ ಚಾನೆಲ್ಲಿನಲ್ಲಿ ಲೈವ್ ಶುರುವಾದ ಮೇಲೆಯೇ ಶುಭಾ ಪಾರ್ಸೆಲ್ಲಿಗೆ ಕತ್ತರಿ ಹಾಕಿದಳು. ಒಳಗಿದ್ದದ್ದು ಹಳೆಯ ಸಹಪಾಠಿ ಪವಮಾನ ಬರೆದ ಕಾಮಿಕ್ಸ್ ಪುಸ್ತಕ. ಅಚ್ಚು ಹಾಕಿಸಲು ಅವನು ಆನ್‌ಲೈನಿನಲ್ಲಿ ಜನರಿಂದ ದುಡ್ಡು ಕೂಡಿಸಿದಾಗ, ಕೊಟ್ಟವರ ಮುಖವನ್ನೂ ಕಥೆಯೊಳಗೆ ಬರೆಯುತ್ತೇನೆ ಎಂದಿದ್ದ. ಎಲ್ಲರಿಗಿಂತ ಮೊದಲು ದುಡ್ಡೂ ಫೋಟೊವೂ ಕಳಿಸಿದವಳು ಇವಳೇ. ಅಭಿಮಾನದಿಂದಲ್ಲ. ಕಾಲೇಜಿನಲ್ಲಿ ಇವಳು ಬರೆದ ಚಿತ್ರವನ್ನು ಎಲ್ಲರೆದುರು ಎತ್ತಿ ಹಿಡಿದು, "ಇದು ಮುಖಾನೋ, ಹಲಸಿನಹಣ್ಣೋ?" ಎಂದು ನಗಿಸಿದ್ದನಲ್ಲ, ಅದಕ್ಕೆ. ದುಡ್ಡು ಕೊಟ್ಟು ತರಿಸಿಕೊಂಡವಳು ಬೈದರೆ ಹೊಟ್ಟೆಕಿಚ್ಚು ಎನ್ನುವವರು ಯಾರು?

ಪ್ರತಿ ವಿಮರ್ಶೆಯಲ್ಲೂ ಮಾಡುವಂತೆ ನಡುವಿನ ಪುಟ ತೆರೆದು ಹೆಬ್ಬೆರಳಿನಿಂದ ಉಜ್ಜಿದಳು. ಮಸಿ ಬೆರಳಿಗೆ ಹತ್ತಿತು. ಹೊಟ್ಟೆ ತಣ್ಣಗಾಯಿತು. "ನೋಡಿ, ಬಣ್ಣ ಕೈಗೇ ಬರ್ತಿದೆ. ಬೈಂಡಿಂಗೂ ಆಗ್ಲೇ ಬಿಟ್ಕೊಂಡಿದೆ. ಹೋಗ್ಲಿ, ಅದು ಪ್ರೆಸ್ಸಿನವರ ತಪ್ಪು ಅಂದ್ಕೊಳೋಣ." ಇಷ್ಟು ವರ್ಷ ಕಾದಿಟ್ಟುಕೊಂಡಿದ್ದ ಮಾತನ್ನು ಕ್ಯಾಮೆರಾದತ್ತ ಬಾಗಿ ಸವಿದು ಸವಿದು ಹೇಳಿದಳು: "ಈ ಮನುಷ್ಯನಿಗೆ ನೆಟ್ಟಗೆ ಒಂದು ಮುಖ ಬರೆಯೋಕೆ ಬರಲ್ಲ ಕಣ್ರೀ!"

ಕಾಫಿ ಲೋಟ ಹಿಡಿದು ಬಂದ ಅಮ್ಮ ಶಾರದ, ಅವಳ ಭುಜದ ಮೇಲಿಂದ ಪುಟದೊಳಕ್ಕೆ ಇಣುಕಿದರು. ಅಲ್ಲಿ ರಕ್ಕಸಿಯೊಬ್ಬಳು ಎಡ ಹುಬ್ಬು ಏರಿಸಿ, ತುಟಿ ಸೊಟ್ಟ ಮಾಡಿ, ಯಾರದೋ ಪುಸ್ತಕವನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು.

"ಅಯ್ಯೋ, ಥೇಟ್ ನೀನೇ ಕಣೇ ಶುಭಾ!" ಅಮ್ಮನ ಗಂಟಲು ಮೈಕನ್ನು ತುಂಬಿತು. "ಆ ಹುಬ್ಬು ನೋಡು, ಏನ್ ಚೆನ್ನಾಗಿ ಬರ್ದಿದಾನೆ!"

ಕ್ಯಾಮೆರಾದೆದುರೇ ಶುಭಾಳ ಎಡ ಹುಬ್ಬು ತಾನಾಗಿ ಮೇಲೇರಿತು.